ಹತಶತ್ರುವಿನ ಚಿತ್ರ: ಸಾಕ್ಷ್ಯವೋ ವಿಜಯಚಿಹ್ನೆಯೋ?

೧

ಹತನಾದ ಶತ್ರುವಿನ ಮೃತದೇಹದ ಛಾಯಾಚಿತ್ರವನ್ನು, ಅವನನ್ನು ಕೊಂದ ಸರಕಾರವೇ ಲೋಕಕ್ಕೆ ಪ್ರಕಟಿಸುವುದು ಉಚಿತವೆ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ರಾಜನೀತಿಜ್ಞರೂ ನ್ಯಾಯಶಾಸ್ತ್ರಜ್ಞರೂ ಚರ್ಚಿಸುತ್ತಾರೆ. ಸಾಹಿತ್ಯಾಭ್ಯಾಸಿಗಳಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಚಿತ್ರವೆಂದ ಮೇಲೆ ಅದನ್ನು ರಚಿಸಿದವನಿದ್ದಾನೆ, ತೋರಿಸುವವನಿದ್ದಾನೆ, ನೋಡುವವನಿದ್ದಾನೆ. ನೋಡುವವನ ಚಿತ್ತದಲ್ಲಿ ಏಳುವ ಭಾವವೂ ಇದೆ. ಯಾವುದನ್ನು ಕಣ್ಣೆದುರು ತೋರಿಸಬೇಕು, ಯಾವುದನ್ನು ಸೂಚಿಸಿ ಬಿಡಬೇಕು ಎಂಬ ವಿವೇಚನೆ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಅನೌಚಿತ್ಯಕ್ಕಿಂತ ಬೇರೆ ರಸಭಂಗಕಾರಣವಿಲ್ಲವೆಂದು ಆನಂದವರ್ಧನನು ಸಾರಿದ್ದಾನೆ. ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಎಣಿಸಿ ಒಂದು ಗ್ರಂಥವನ್ನೇ ರಚಿಸಿದ್ದಾನೆ. ಆದ್ದರಿಂದ ಈ ಬಗೆಯ ಸರಕಾರೀ ಚಿತ್ರಗಳನ್ನು ವಿಮರ್ಶಕನ ಕಣ್ಣಿನಿಂದ ನೋಡುವುದು ಅಪ್ರಸ್ತುತವಾಗಲಾರದು.

ಪ್ರಕೃತ ಲೇಖನದಲ್ಲಿ ಮುಖ್ಯವಾಗಿ ಮೂರು ಪ್ರಸಂಗಗಳನ್ನು ತೆಗೆದುಕೊಂಡಿದೆ. ೧೯೬೭ರಲ್ಲಿ ಬೊಲಿವಿಯದ ಸೇನೆ ಚೆ ಗೆವಾರನ ಶವವನ್ನು ಪತ್ರಕರ್ತರಿಗೆ ತೋರಿಸಿದ್ದು ಮೊದಲನೆಯದು. ೨೦೦೩ರಲ್ಲಿ ಅಮೆರಿಕದ ಸೇನೆ ಸದ್ದಾಂ ಹುಸೇನನ ಮಕ್ಕಳಾದ ಉದಯ್ ಮತ್ತು ಕುಸಯ್ ಇವರ ಶವಚಿತ್ರಗಳನ್ನು ಪ್ರಕಟಿಸಿದ್ದು ಎರಡನೆಯದು. ೨೦೧೧ರಲ್ಲಿ ಅದೇ ಅಮೆರಿಕ ಒಸಾಮ ಬಿನ್ ಲಾದೆನ್‌ನ ಶವಚಿತ್ರಗಳನ್ನು ಪ್ರಕಟಿಸಲು ನಿರಾಕರಿಸಿದ್ದು ಮೂರನೆಯದು. ಇವರಲ್ಲಿ ಯಾರು ಎಂತಹವರಾಗಿದ್ದರು, ಅವರ ಕೃತ್ಯಗಳ ಭಾರವೆಷ್ಟು ಎಂಬುದು ಇಲ್ಲಿಯ ವಿಷಯವಲ್ಲ. ಸತ್ತವನ ಗುಣದೋಷಗಳಿಂದ ಕೊಂದವನ ಕರ್ತವ್ಯ ನಿರ್ಣಯವಾಗುವುದಿಲ್ಲವೆಂಬುದನ್ನು ಮೊದಲಲ್ಲೇ ಒಪ್ಪಿಕೊಂಡು ಮುಂದುವರಿಯೋಣ.

೨

ಚಿತ್ರಗಳನ್ನು ಪ್ರಕಟಿಸಬೇಕೆನ್ನುವವರ ಮುಖ್ಯವಾದ ವಾದ ಪ್ರಮಾಣದ ವಾದ. ಬಹುಕಾಲ ಜನರನ್ನು ಭಯದಲ್ಲಿಟ್ಟಿದ್ದವನು ಸತ್ತನೆಂದು ಬರಿಯ ಮಾತಿನಿಂದ ಹೇಳಿದರೆ ಜನ ನಂಬುವುದಿಲ್ಲ, ಕಂಡರೆ ನಂಬುತ್ತಾರೆ, ನಂಬಿದರೆ ಭಯ ತೊಲಗುತ್ತದೆ. ಈ ವಾದದಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ೨೦೦೩ರ ಜುಲೈ ೨೨ರಂದು ಮೋಸುಲ್ ನಗರದ ಒಂದು ಮನೆಯಲ್ಲಿ ಉದಯ್ ಮತ್ತು ಕುಸಯ್ ಹತರಾದಾಗ ಅಮೆರಿಕದ ರಕ್ಷಣಾಕಾರ್ಯದರ್ಶಿ ರಮ್ಸ್‌ಫೆಲ್ಡ್ ಮುಂದಿಟ್ಟ ಸಮರ್ಥನೆಯೂ ಇದೇ. ಇರಾಕಿನ ಜನಕ್ಕೆ ಆ ಮನೆತನದ ಆಳ್ವಿಕೆ ಮುಗಿಯಿತೆಂಬ ಭರವಸೆ ಬೇಕಾಗಿದ್ದುದು ನಿಜ.

ಮುಂದೆ ನಡೆದದ್ದನ್ನು ಗಮನಿಸಬೇಕು. ಜುಲೈ ೨೪ರಂದು ಚಿತ್ರಗಳು ಹೊರಬಂದುವು. ಗಾಯಗೊಂಡು ಊದಿದ, ಗಡ್ಡ ಬೆಳೆದ ಆ ಮುಖಗಳನ್ನು ನೋಡಿ ಬಾಗ್ದಾದಿನ ಅನೇಕರು ಇವರು ಅವರಲ್ಲವೆಂದರು. ಮರುದಿನ ಸೇನೆಯವರು ಶವಗಳ ಮುಖಗಳನ್ನು ತಜ್ಞರಿಂದ ಸರಿಪಡಿಸಿ, ಗಾಯಗಳನ್ನು ಮುಚ್ಚಿಸಿ, ಗಡ್ಡವನ್ನು ತೆಗೆಸಿ, ಬಾಗ್ದಾದಿನ ವಿಮಾನನಿಲ್ದಾಣದಲ್ಲಿ ಪತ್ರಕರ್ತರಿಗೆ ತೋರಿಸಿದರು. ಇಲ್ಲಿಯ ವಿರೋಧಾಭಾಸ ಸ್ಪಷ್ಟವಾಗಿದೆ. ಇದ್ದಂತೆ ತೋರಿಸಿದ ಮುಖವನ್ನು ಜನ ನಂಬಲಿಲ್ಲ. ನಂಬುವಂತೆ ಮಾಡಲು ಮುಖವನ್ನೇ ತಿದ್ದಬೇಕಾಯಿತು. ತಿದ್ದಿದ ಮೇಲೆ ಅದು ಪ್ರಮಾಣವಾಗಿ ಉಳಿಯಿತೆ? ಸಾಕ್ಷಿಯ ಬಾಯಲ್ಲಿ ಮಾತನ್ನಿಟ್ಟು ಹೇಳಿಸಿದ ಸಾಕ್ಷ್ಯಕ್ಕೆ ನ್ಯಾಯಸ್ಥಾನದಲ್ಲಿ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ. ಆ ಸಹೋದರರ ಗುರುತನ್ನು ಸೇನೆ ತಾನೇ ನಿಶ್ಚಯಿಸಿಕೊಂಡದ್ದು ಹಲ್ಲಿನ ದಾಖಲೆಗಳಿಂದ, ಕ್ಷ-ಕಿರಣದ ಪರೀಕ್ಷೆಯಿಂದ, ಬಲ್ಲವರ ಹೇಳಿಕೆಗಳಿಂದ. ಎಂದ ಮೇಲೆ ಪ್ರಮಾಣ ಬೇರೆ ಕಡೆ ಇತ್ತು. ಚಿತ್ರ ಮಾಡಿದ ಕೆಲಸ ಬೇರೆ.

ಬೊಲಿವಿಯದಲ್ಲಿಯೂ ಹೀಗೆಯೇ ಆಯಿತು. ೧೯೬೭ರ ಅಕ್ಟೋಬರ್ ೯ರಂದು ಲಾ ಇಗೇರ ಎಂಬ ಹಳ್ಳಿಯ ಶಾಲೆಯಲ್ಲಿ, ಹಿಂದಿನ ದಿನ ಸೆರೆಸಿಕ್ಕಿದ್ದ ಗೆವಾರನನ್ನು ಗುಂಡಿಕ್ಕಿ ಕೊಂದರು. ಶವವನ್ನು ವಾಯೆಗ್ರಾಂದೆ ಊರಿನ ಆಸ್ಪತ್ರೆಗೆ ತಂದು, ಬಟ್ಟೆ ಒಗೆಯುವ ಕೋಣೆಯ ಸಿಮೆಂಟಿನ ತೊಟ್ಟಿಯ ಮೇಲೆ ಮಲಗಿಸಿ, ಪತ್ರಕರ್ತರನ್ನು ಕರೆಸಿದರು. ಫ್ರೆಡ್ಡಿ ಆಲ್ಬೋರ್ತ ಎಂಬ ಛಾಯಾಗ್ರಾಹಕ ತೆಗೆದ ಚಿತ್ರ ಲೋಕವನ್ನೆಲ್ಲ ಸುತ್ತಿತು. ಅಷ್ಟಾದರೂ ಸೇನೆ ಚಿತ್ರವನ್ನು ನೆಚ್ಚಿ ಕೂರಲಿಲ್ಲ. ಬೆರಳಚ್ಚಿನ ಪರೀಕ್ಷೆಗಾಗಿ ಶವದ ಕೈಗಳೆರಡನ್ನೂ ಕತ್ತರಿಸಿ ಇಟ್ಟುಕೊಂಡಿತು. ಗೆವಾರನು ಕಾಳಗದ ಗಾಯಗಳಿಂದ ಸತ್ತನೆಂದು ಸೇನೆ ಮೊದಲು ಸಾರಿತ್ತು. ಅವನು ಸತ್ತದ್ದು ನಿಜವೆಂದು ಹೇಳುವ ಚಿತ್ರವೇ ಅವನು ಹೇಗೆ ಸತ್ತನೆಂಬ ಸುಳ್ಳಿಗೂ ಆಸರೆಯಾಯಿತು. ಶವವನ್ನು ಗುಟ್ಟಾಗಿ ಹೂಳಿದರು. ಅಸ್ಥಿಗಳು ದೊರೆತದ್ದು ೧೯೯೭ರಲ್ಲಿ. ಮುಖವನ್ನು ಲೋಕಕ್ಕೆಲ್ಲ ತೋರಿಸಿದ ಸೇನೆ ಗೋರಿಯನ್ನು ಮೂವತ್ತು ವರ್ಷ ಬಚ್ಚಿಟ್ಟಿತೆಂಬುದನ್ನು ಮರೆಯಬಾರದು.

ನಮ್ಮ ನಾಡಿಗೆ ಸಮೀಪದ ಒಂದು ನಿದರ್ಶನವನ್ನೂ ಇಲ್ಲಿ ನೆನೆಯಬಹುದು. ಗೋಪಿನಾಥಂ ಗ್ರಾಮದಲ್ಲಿ ಹುಟ್ಟಿ ಎರಡು ರಾಜ್ಯಗಳ ಆರಕ್ಷಕರನ್ನು ದಶಕಗಳ ಕಾಲ ಕಾಡಿದ, ೨೦೦೦ದಲ್ಲಿ ನಟ ರಾಜಕುಮಾರರನ್ನು ಅಪಹರಿಸಿ ೧೦೮ ದಿನ ಕಾಡಿನಲ್ಲಿಟ್ಟಿದ್ದ ವೀರಪ್ಪನ್ ೨೦೦೪ರ ಅಕ್ಟೋಬರ್ ೧೮ರಂದು ಧರ್ಮಪುರಿ ಜಿಲ್ಲೆಯಲ್ಲಿ ತಮಿಳುನಾಡಿನ ವಿಶೇಷ ಕಾರ್ಯಪಡೆಯ ಗುಂಡಿಗೆ ಬಲಿಯಾದನು. ಶವದ ಚಿತ್ರಗಳು ಪತ್ರಿಕೆಗಳಲ್ಲಿ ಬಂದುವು. ಪ್ರಸಿದ್ಧವಾಗಿದ್ದ ಆ ದೊಡ್ಡ ಮೀಸೆ ಅವುಗಳಲ್ಲಿ ಇರಲಿಲ್ಲ, ಕತ್ತರಿಸಿ ಗಿಡ್ಡವಾಗಿತ್ತು. ಇವನು ಅವನೇ ಹೌದೆ ಎಂಬ ಸಂಶಯ ಕೆಲವರಲ್ಲಿ ಆಗಲೇ ಹುಟ್ಟಿತು. ಆ ಸಂಶಯ ಬೇಗ ಅಡಗಿತು. ಅವನು ಯಾವ ಸನ್ನಿವೇಶದಲ್ಲಿ ಹತನಾದ, ಜೀವಸಹಿತ ಹಿಡಿಯಲು ಸಾಧ್ಯವಿತ್ತೆ ಎಂದು ಮಾನವ ಹಕ್ಕುಗಳ ಪರವಾದವರು ಎತ್ತಿದ ಪ್ರಶ್ನೆಯಾದರೋ ಚಿತ್ರದಿಂದ ತೀರುವ ಪ್ರಶ್ನೆಯೇ ಆಗಿರಲಿಲ್ಲ.

ಈ ನಿದರ್ಶನಗಳಿಂದ ಒಂದು ಮಾತು ಸಿದ್ಧವಾಗುತ್ತದೆ. ಸತ್ತನೆಂಬುದಕ್ಕೆ ಚಿತ್ರ ದುರ್ಬಲವಾದ ಪ್ರಮಾಣ. ಹೇಗೆ ಸತ್ತನೆಂಬುದಕ್ಕೆ ಅದು ಬಹುಮಟ್ಟಿಗೆ ಪ್ರಮಾಣವೇ ಅಲ್ಲ. ಆಡಳಿತದಿಂದ ಪ್ರಜೆ ಮುಖ್ಯವಾಗಿ ಉತ್ತರ ಪಡೆಯಬೇಕಾದದ್ದು ಈ ಎರಡನೆಯ ಪ್ರಶ್ನೆಗೆ.

೩

ಹಾಗಾದರೆ ಚಿತ್ರ ಮಾಡುವ ಕೆಲಸ ಯಾವುದು? ಇದಕ್ಕೆ ೨೦೦೬ರ ಜೂನ್ ತಿಂಗಳ ಒಂದು ದೃಶ್ಯ ಉತ್ತರ ಹೇಳುತ್ತದೆ. ಬಾಕುಬದ ಸಮೀಪ ವಿಮಾನದಾಳಿಯಲ್ಲಿ ಹತನಾದ ಅಬು ಮುಸಬ್ ಅಲ್ ಜರ್ಕಾವಿಯ ಮುಖದ ಚಿತ್ರವನ್ನು ಅಮೆರಿಕದ ಸೇನೆ ಬಾಗ್ದಾದಿನ ಪತ್ರಿಕಾಗೋಷ್ಠಿಯಲ್ಲಿ ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ ನಿಲ್ಲಿಸಿತು. ದಾಖಲೆಗೆ ಚೌಕಟ್ಟು ಬೇಕಿಲ್ಲ. ಚೌಕಟ್ಟು ಹಾಕುವುದು ಗೋಡೆಗೆ ತೂಗಹಾಕುವ ವಸ್ತುವಿಗೆ. ಬೇಟೆಗಾರನು ಕೊಂದ ಮೃಗದ ಕೊಂಬನ್ನು ಪಡಸಾಲೆಯಲ್ಲಿ ನಿಲ್ಲಿಸುವ ರೀತಿ ಇದು. ಆ ಚೌಕಟ್ಟು ಅರಿಯದೆಯೇ ಸತ್ಯವನ್ನು ನುಡಿಯಿತು: ಇದು ಸಾಕ್ಷ್ಯದ ವೇಷದಲ್ಲಿರುವ ವಿಜಯಚಿಹ್ನೆ.

ಆದರೆ ವಿಜಯಚಿಹ್ನೆಗೂ ಒಂದು ದೋಷವಿದೆ. ಅದರ ಅರ್ಥ ಅದನ್ನು ಎತ್ತಿ ಹಿಡಿದವನ ಅಧೀನದಲ್ಲಿ ಉಳಿಯುವುದಿಲ್ಲ. ಆಲ್ಬೋರ್ತನ ಚಿತ್ರವೇ ಇದಕ್ಕೆ ನಿದರ್ಶನ. ಅದರಲ್ಲಿ ಸೇನಾಧಿಕಾರಿಯೊಬ್ಬನು ಗಾಯದ ಕಡೆಗೆ ಬೆರಳು ತೋರಿಸುತ್ತಾನೆ. ಶವದ ಕಣ್ಣುಗಳು ತೆರೆದೇ ಇವೆ. ಸೋಲನ್ನು ತೋರಿಸುವುದಕ್ಕಾಗಿ ತೆಗೆಸಿದ ಆ ಚಿತ್ರದಲ್ಲಿ ಲೋಕ ಹುತಾತ್ಮನನ್ನು ಕಂಡಿತು. ಕಲಾವಿಮರ್ಶಕ ಜಾನ್ ಬರ್ಜರ್ ಅದನ್ನು ರೆಂಬ್ರಾಂಟನ ಶರೀರವಿಚ್ಛೇದನದ ಪಾಠದ ಚಿತ್ರಕ್ಕೂ ಮಾಂಟೆನ್ಯನ ಮೃತಕ್ರಿಸ್ತನ ಚಿತ್ರಕ್ಕೂ ಹೋಲಿಸಿದನು. ಆ ಪ್ರಾಂತದ ರೈತಾಪಿ ಜನ ಸತ್ತವನನ್ನು ಸಂತನಂತೆ ನೆನೆದು ದೀಪ ಹಚ್ಚತೊಡಗಿದರು. ಅಪಮಾನಿಸಬೇಕೆಂದು ಹೊರಟವರು ತಾವಾಗಿಯೇ ಒಂದು ಪೂಜಾವಿಗ್ರಹವನ್ನು ಕೆತ್ತಿಕೊಟ್ಟಂತಾಯಿತು.

ಪ್ರಕಟನೆಯ ಪರವಾಗಿ ಇನ್ನೊಂದು ಘನವಾದ ಆಕ್ಷೇಪವಿದೆ. ಯುದ್ಧವೆಂದರೆ ಏನೆಂಬುದನ್ನು ಪ್ರಜೆ ಕಣ್ಣಾರೆ ಕಾಣಬೇಡವೆ? ತನ್ನ ಹೆಸರಿನಲ್ಲಿ ನಡೆದ ಕೊಲೆಯ ಮುಖವನ್ನು ಮುಚ್ಚಿಟ್ಟರೆ ಅವನ ಅಂತಃಕರಣ ಜಡವಾಗುವುದಿಲ್ಲವೆ? ಈ ಮಾತನ್ನು ಆಡುವವರ ಮನಸ್ಸು ಒಳ್ಳೆಯದು. ಸರಕಾರಗಳು ಮಾತ್ರ ಆ ಉದ್ದೇಶದಿಂದ ಚಿತ್ರಗಳನ್ನು ಹೊರಗೆಡಹುವುದಿಲ್ಲ. ಮೋಸುಲಿನ ಆ ಮನೆಯಲ್ಲಿ ಕುಸಯ್‌ನ ಹದಿನಾಲ್ಕು ವರ್ಷದ ಮಗ ಮುಸ್ತಫನೂ ಹತನಾದನು. ಪತ್ರಕರ್ತರಿಗೆ ತೋರಿಸಿದ ಶವಗಳು ಅವನ ತಂದೆಯದು ಮತ್ತು ದೊಡ್ಡಪ್ಪನದು. ಅದೇ ವರ್ಷದ ಮಾರ್ಚಿಯಲ್ಲಿ ಇರಾಕಿನ ದೂರದರ್ಶನ ಅಮೆರಿಕದ ಸೆರೆಯಾಳುಗಳನ್ನೂ ಹತಸೈನಿಕರನ್ನೂ ತೋರಿಸಿದಾಗ ಅಮೆರಿಕ ಜಿನೀವ ಒಪ್ಪಂದವನ್ನು ಮುಂದಿಟ್ಟು ಪ್ರತಿಭಟಿಸಿತ್ತು. ಸ್ವದೇಶಕ್ಕೆ ಮರಳುವ ತನ್ನ ಸೈನಿಕರ ಶವಪೆಟ್ಟಿಗೆಗಳ ಚಿತ್ರವನ್ನು ಪತ್ರಕರ್ತರು ತೆಗೆಯಬಾರದೆಂಬ ನಿಷೇಧ ಆ ದೇಶದಲ್ಲಿ ೧೯೯೧ರಿಂದ ೨೦೦೯ರವರೆಗೆ ಜಾರಿಯಲ್ಲಿತ್ತು. ತನ್ನವರ ಪೆಟ್ಟಿಗೆಯನ್ನು ಕೂಡ ಮರೆಮಾಡಿ ಶತ್ರುವಿನ ಮುಖವನ್ನು ಮಾತ್ರ ತೋರಿಸುವುದಾದರೆ, ಅದು ಯುದ್ಧದ ಸತ್ಯದರ್ಶನವಾಗುವುದು ಹೇಗೆ? ಎಲ್ಲವನ್ನೂ ತೋರಿಸುವ ಧೈರ್ಯವಿದ್ದವನಿಗೆ ಮಾತ್ರ ಈ ವಾದವನ್ನು ಹೂಡುವ ಅಧಿಕಾರ.

೪

ಇನ್ನು ಕಾವ್ಯದ ಕಡೆಗೆ ತಿರುಗೋಣ. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಗಳ ಮೂಲಕ ತಿಳಿಸಬೇಕೆಂದು ಭರತನು ವಿಧಿಸಿದ್ದಾನೆ. ಇದನ್ನು ಮೃದುಮನಸ್ಸಿನವರ ಅಳುಕು ಎಂದು ತಿಳಿಯಬಾರದು. ಕಣ್ಣಿಗೆ ಬಿದ್ದ ಹೆಣ ಜುಗುಪ್ಸೆಯನ್ನೋ ಕ್ರೂರವಾದ ಉಲ್ಲಾಸವನ್ನೋ ಎಬ್ಬಿಸಿ ಅಲ್ಲಿಯೇ ನಿಲ್ಲಿಸುತ್ತದೆ. ವಿಚಾರಕ್ಕೆ ದಾರಿ ಬಿಡುವುದಿಲ್ಲ. ಆದರೂ ಈ ವಿಧಿ ಮೀರಲಾಗದ ಕಟ್ಟಳೆಯಾಗಲಿಲ್ಲ. ಭಾಸನದೆಂದು ಪ್ರಸಿದ್ಧವಾದ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಸಾಯುತ್ತಾನೆ. ಅಲ್ಲಿ ಅವನನ್ನು ನಮಗೆ ತೋರಿಸುವ ಕಣ್ಣು ಗೆದ್ದ ಭೀಮನದಲ್ಲ. ತೊಡೆಮುರಿದು ಬಿದ್ದವನ ಬಳಿಗೆ ಬರುವ ಕುರುಡ ತಂದೆ, ತಾಯಿ, ಪತ್ನಿಯರು, ತೊಡೆಯ ಮೇಲೆ ಕೂರಬೇಕೆನ್ನುವ ಎಳೆಯ ಮಗ ಇವರ ನಡುವೆ ನಾವು ಅವನನ್ನು ನೋಡುತ್ತೇವೆ. ಮರಣವನ್ನು ತೋರಿಸಬಹುದೆ ಎಂಬುದಕ್ಕಿಂತ ಯಾರು, ಯಾರ ನಡುವೆ, ಯಾವುದಕ್ಕಾಗಿ ತೋರಿಸುತ್ತಾರೆ ಎಂಬುದು ದೊಡ್ಡ ಪ್ರಶ್ನೆಯೆಂದು ಇದರಿಂದ ಹೊಳೆಯುತ್ತದೆ.

ಹತಶತ್ರುವನ್ನು ನೋಡುವ ರೀತಿ ಹೇಗಿರಬೇಕೆಂಬುದಕ್ಕೆ ಕನ್ನಡದಲ್ಲಿ ರನ್ನನ ಗದಾಯುದ್ಧಕ್ಕಿಂತ ಹಿರಿದಾದ ಪಾಠವಿಲ್ಲ. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತ ಒಂದೊಂದು ಕಳೇಬರದ ಮುಂದೆಯೂ ನಿಲ್ಲುತ್ತಾನೆ. ದ್ರೋಣನಿಗಾಗಿ, ದುಶ್ಶಾಸನನಿಗಾಗಿ, ಕರ್ಣನಿಗಾಗಿ ಅವನು ಶೋಕಿಸುವುದು ಸಹಜ, ಅವರು ತನ್ನವರು. ಅಭಿಮನ್ಯು ಶತ್ರುಪಕ್ಷದವನು; ತನ್ನ ಮಗ ಲಕ್ಷಣಕುಮಾರನನ್ನು ಕೊಂದವನು. ಅವನ ದೇಹದ ಮುಂದೆ ನಿಂತ ಛಲದಂಕಮಲ್ಲನು ಆ ಹುಡುಗನ ಶೌರ್ಯವನ್ನು ಕೊಂಡಾಡಿ, ಅವನ ಸಾಹಸದ ಒಂದಂಶಕ್ಕಾದರೂ ತಕ್ಕ ಮರಣ ತನಗೆ ದೊರೆಯಲೆಂದು ಬೇಡುತ್ತಾನೆ. ಪುತ್ರಶೋಕದಲ್ಲಿ ಬೆಂದವನ ಬಾಯಿಂದ ಈ ಮಾತು ಬರುವಾಗ ನಾವು ಅಭಿಮನ್ಯುವಿನ ಹಿರಿಮೆಯನ್ನು ಮಾತ್ರ ಕಾಣುವುದಿಲ್ಲ, ದುರ್ಯೋಧನನ ಹಿರಿಮೆಯನ್ನೂ ಕಾಣುತ್ತೇವೆ. ಶವದ ಮುಂದೆ ನಿಂತವನು ಶವವನ್ನು ನೋಡುತ್ತಿರುವಾಗ ಲೋಕ ನಿಂತವನನ್ನು ನೋಡುತ್ತಿರುತ್ತದೆ. ಹತಶತ್ರುವಿನ ಚಿತ್ರವನ್ನು ಪ್ರಕಟಿಸುವ ಸರಕಾರಗಳು ಮರೆಯುವುದು ಈ ಮಾತನ್ನೇ. ಆ ಚಿತ್ರದಲ್ಲಿ ಕಾಣುವ ಮುಖ ಸತ್ತವನದು; ಪ್ರಕಟವಾಗುವ ಸ್ವಭಾವ ಕೊಂದವನದು.

ಬಿ.ಎಂ.ಶ್ರೀಯವರ ಅಶ್ವತ್ಥಾಮನ್ ನಾಟಕಕ್ಕೆ ಮೂಲವಾದ ಸೋಫೋಕ್ಲಿಸನ ಏಜಾಕ್ಸ್ ನಾಟಕದ ಉತ್ತರಾರ್ಧವೆಲ್ಲ ಶತ್ರುವಿನ ಶವಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಕುರಿತ ವಾದವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಏಜಾಕ್ಸನನ್ನು ಹೂಳಗೊಡಬಾರದೆಂದು ಮೆನೆಲೌಸ್, ಅಗಮೆಮ್ನಾನ್ ಹಠ ಹಿಡಿಯುತ್ತಾರೆ. ಅವನ ಬದ್ಧವೈರಿಯಾದ ಒಡಿಸ್ಯೂಸನೇ ಬಂದು, ಬದುಕಿದ್ದಾಗ ನಾನು ಇವನನ್ನು ದ್ವೇಷಿಸಿದೆ, ಈಗ ದ್ವೇಷಿಸುವುದು ಧರ್ಮವಲ್ಲ ಎಂಬರ್ಥದಲ್ಲಿ ವಾದಿಸಿ ಸಂಸ್ಕಾರಕ್ಕೆ ಅನುಮತಿ ಕೊಡಿಸುತ್ತಾನೆ. ವಾಲ್ಮೀಕಿಯ ರಾಮನು ರಾವಣನ ಶವದ ಮುಂದೆ ಹಿಂಜರಿಯುವ ವಿಭೀಷಣನಿಗೆ ಹೇಳುವುದೂ ಇದನ್ನೇ: ವೈರ ಮರಣದೊಂದಿಗೆ ಮುಗಿಯಿತು, ಸಂಸ್ಕಾರ ನಡೆಯಲಿ. ದೇಶ, ಕಾಲ, ಧರ್ಮಗಳಲ್ಲಿ ದೂರವಾದ ಈ ಎರಡು ಕೃತಿಗಳು ಒಂದೇ ತೀರ್ಮಾನಕ್ಕೆ ಬಂದಿರುವುದು ಆಕಸ್ಮಿಕವಾಗಿರಲಾರದು. ೧೯೪೯ರ ಜಿನೀವ ಒಪ್ಪಂದಗಳು ಹತರಾದವರನ್ನು ಹುಡುಕಿ, ಅವರ ದೇಹಗಳನ್ನು ಸುಲಿಗೆಯಿಂದ ಕಾಪಾಡಿ, ಸಾಧ್ಯವಾದಲ್ಲಿ ಅವರವರ ಮತದ ವಿಧಿಯಂತೆ ಗೌರವದಿಂದ ಸಂಸ್ಕಾರ ಮಾಡಬೇಕೆಂದು ವಿಧಿಸಿದಾಗ ಕವಿಗಳು ಕಂಡ ಧರ್ಮವೇ ಶಾಸನದ ರೂಪ ತಾಳಿತು.

ನಮ್ಮ ನಾಡಿನ ವೀರಗಲ್ಲುಗಳನ್ನೂ ಇಲ್ಲಿ ನೆನೆಯಬೇಕು. ಮಡಿದವನ ಕೊನೆಯ ಕಾಳಗ ಕೆಳಗಿನ ಪಟ್ಟಿಕೆಯಲ್ಲಿ. ಅಪ್ಸರೆಯರು ಅವನನ್ನು ಕರೆದೊಯ್ಯುವುದು ನಡುವೆ. ದೇವರ ಸನ್ನಿಧಿ ಮೇಲೆ. ಅದೂ ಸತ್ತವನ ಚಿತ್ರವೇ. ಆದರೆ ನಿಲ್ಲಿಸಿದವರು ಅವನ ಊರಿನವರು, ಅವನ ಬಂಧುಗಳು, ಅವನ ಒಡೆಯ. ಅದರೊಡನೆ ಎಷ್ಟೋ ಬಾರಿ ನೆತ್ತರುಗೊಡಗೆಯ ಭೂಮಿ ಅವನ ಕುಟುಂಬಕ್ಕೆ ಸಲ್ಲುತ್ತಿತ್ತು. ಇದೇ ಭೇದವನ್ನು ನಮ್ಮ ಕಾಲಕ್ಕೆ ಹತ್ತಿರದ ಒಂದು ಪ್ರಸಂಗವೂ ತೋರಿಸುತ್ತದೆ. ೧೯೫೫ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ ಹದಿನಾಲ್ಕು ವರ್ಷದ ಕಪ್ಪು ಬಾಲಕ ಎಮೆಟ್ ಟಿಲ್‌ನ ತಾಯಿ, ಮಗನ ವಿರೂಪವಾದ ಮುಖವನ್ನು ಎಲ್ಲರೂ ನೋಡಲೆಂದು ಶವಪೆಟ್ಟಿಗೆಯನ್ನು ತೆರೆದಿರಿಸಿದಳು. ಪತ್ರಿಕೆಗಳು ಅದರ ಚಿತ್ರವನ್ನು ಅಚ್ಚುಹಾಕಿದುವು. ಆ ಚಿತ್ರ ಒಂದು ಜನಾಂಗದ ಆತ್ಮಸಾಕ್ಷಿಯನ್ನು ಅಲುಗಿಸಿತು. ಹೆತ್ತವಳು ತೋರಿಸಿದಾಗ ಅದು ಸಾಕ್ಷ್ಯ. ಅದೇ ಮುಖವನ್ನು ಕೊಂದವರು ತೋರಿಸಿದ್ದರೆ ಅದು ಬೆದರಿಕೆಯಾಗುತ್ತಿತ್ತು.

೫

ಇಷ್ಟನ್ನು ಒಪ್ಪಿದವರು ೨೦೧೧ರ ನಿರ್ಧಾರವನ್ನು ಮೆಚ್ಚಬೇಕಾಗುತ್ತದೆ. ಆ ವರ್ಷದ ಮೇ ೨ರಂದು ಪಾಕಿಸ್ತಾನದ ಅಬ್ಬೊಟ್ಟಾಬಾದಿನಲ್ಲಿ ಹತನಾದ ಬಿನ್ ಲಾದೆನ್‌ನ ಶವವನ್ನು ಕಾರ್ಲ್ ವಿನ್ಸನ್ ಎಂಬ ವಿಮಾನವಾಹಕ ನೌಕೆಯಿಂದ ಸಮುದ್ರಕ್ಕೆ ಒಪ್ಪಿಸಿದರು. ಎರಡು ದಿನಗಳ ಮೇಲೆ ಅಧ್ಯಕ್ಷ ಒಬಾಮ, ಚಿತ್ರಗಳನ್ನು ಪ್ರಕಟಿಸುವುದಿಲ್ಲ, ಇಂಥವನ್ನು ವಿಜಯಚಿಹ್ನೆಗಳಂತೆ ಮೆರೆಸುವುದು ನಮ್ಮ ರೀತಿಯಲ್ಲ ಎಂಬರ್ಥದ ಮಾತನ್ನು ಹೇಳಿದರು. ಅಷ್ಟರಲ್ಲಿಯೇ ಕೃತಕವಾಗಿ ಕಟ್ಟಿದ ಒಂದು ಶವಚಿತ್ರ ಲೋಕದಲ್ಲಿ ಹರಡಿತ್ತು. ಕೆಲವು ಪತ್ರಿಕೆಗಳೂ ಅದನ್ನು ನಂಬಿ ಮೋಸಹೋಗಿದ್ದುವು. ನಿಜವಾದ ಚಿತ್ರವಿಲ್ಲದೆ ಮರಣವಾರ್ತೆ ನಿಲ್ಲುವುದೆ ಎಂಬ ಸಂಶಯಕ್ಕೆ ಉತ್ತರ ಬಂದದ್ದು ಅನಿರೀಕ್ಷಿತವಾದ ಕಡೆಯಿಂದ: ಮೇ ೬ರಂದು ಅಲ್ ಕೈದ ಸಂಘಟನೆಯೇ ತನ್ನ ನಾಯಕ ಸತ್ತನೆಂದು ಸಾರಿತು. ಹೆಣವನ್ನು ತೋರಿಸದೆಯೂ ಮರಣ ಸಿದ್ಧವಾಯಿತು.

ಆದರೆ ಇಲ್ಲಿಗೆ ವಿಚಾರವನ್ನು ಮುಗಿಸಿದರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ತೋರಿಸದಿರುವುದು ಒಂದು, ಇಲ್ಲವಾಗಿಸುವುದು ಮತ್ತೊಂದು. ಜುಡಿಷಿಯಲ್ ವಾಚ್ ಎಂಬ ಸಂಸ್ಥೆ ಮಾಹಿತಿ ಸ್ವಾತಂತ್ರ್ಯದ ಶಾಸನದ ಆಧಾರದಿಂದ ಆ ಚಿತ್ರಗಳಿಗಾಗಿ ದಾವೆ ಹೂಡಿತು. ಕೇಂದ್ರ ಗುಪ್ತಚರ ಇಲಾಖೆಯ ಬಳಿ ೫೨ ಚಿತ್ರಗಳಿರುವುದು ಆಗ ಗೊತ್ತಾಯಿತು. ೨೦೧೨ರಲ್ಲಿ ಜಿಲ್ಲಾ ನ್ಯಾಯಾಲಯವೂ ೨೦೧೩ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಸರಕಾರದ ಪರವಾಗಿ ತೀರ್ಪಿತ್ತುವು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅದೇ ೨೦೧೪ರಲ್ಲಿ ಹೊರಬಂದ ಒಂದು ಪತ್ರದಿಂದ ಬೇರೊಂದು ಸಂಗತಿ ತಿಳಿಯಿತು. ದಾಳಿಯ ಮುಖ್ಯಸ್ಥನಾಗಿದ್ದ ನೌಕಾಧಿಪತಿ ಮೆಕ್‌ರೇವನ್, ೨೦೧೧ರ ಮೇ ೧೩ರಂದು ತನ್ನ ಕೈಕೆಳಗಿನವರಿಗೆ, ಶವದ ಚಿತ್ರಗಳು ಯಾರ ಬಳಿಯಾದರೂ ಉಳಿದಿದ್ದರೆ ಅವನ್ನು ಒಪ್ಪಿಸಬೇಕು ಇಲ್ಲವೆ ಒಡನೆಯೇ ನಾಶಮಾಡಬೇಕು ಎಂದು ಆಜ್ಞಾಪಿಸಿದ್ದನು. ಒಪ್ಪಿಸಿರೆಂಬ ಆಜ್ಞೆಗೆ ಕಾರಣವಿದೆ. ನಾಶಮಾಡಿರೆಂಬ ಆಜ್ಞೆಗೆ ಏನು ಕಾರಣ? ಮರ್ಯಾದೆಯ ಹೆಸರಿನಲ್ಲಿ ಆರಂಭವಾದ ಮೌನ ದಾಖಲೆಯನ್ನು ಅಳಿಸುವವರೆಗೆ ಹೋದರೆ ಆ ಮರ್ಯಾದೆಯ ಮೇಲೆಯೇ ಅನುಮಾನ ಹುಟ್ಟುತ್ತದೆ. ನಿರಾಯುಧನಾಗಿ ಸಿಕ್ಕವನನ್ನು ಕೊಂದರೆ ಎಂಬ ಪ್ರಶ್ನೆ ಯಾವ ಸರಕಾರದ ಮುಂದೆಯಾದರೂ ಒಂದು ದಿನ ಬಂದು ನಿಲ್ಲಬಹುದು. ಅಂದು ಉತ್ತರಕ್ಕೆ ಬೇಕಾಗುವುದು ಈ ಚಿತ್ರಗಳೇ, ವೈದ್ಯರ ಪರೀಕ್ಷಾವರದಿಗಳೇ. ವಾಯೆಗ್ರಾಂದೆಯ ಸೇನೆ ಮೆರೆಸಿ ಸುಳ್ಳು ಹೇಳಿತು. ಸುಟ್ಟು ಸುಳ್ಳು ಹೇಳುವುದೂ ಸಾಧ್ಯ.

ಆದಕಾರಣ ಈ ಲೇಖಕನಿಗೆ ಯುಕ್ತವಾಗಿ ತೋರುವ ನಿಲುವು ಇದು. ಹತಶತ್ರುವಿನ ಚಿತ್ರವನ್ನು ತೆಗೆಯಬೇಕು, ತಿದ್ದದೆ ಕಾಪಾಡಬೇಕು, ನ್ಯಾಯಾಧೀಶರು, ಶಾಸನಸಭೆಯ ಸಮಿತಿಗಳು, ಸತ್ತವನ ಬಂಧುಗಳು ಕೇಳಿದಾಗ ಅದು ಸಿಗುವಂತಿರಬೇಕು, ಕಾಲಾಂತರದಲ್ಲಿ ಇತಿಹಾಸಕಾರರಿಗೆ ತೆರೆದಿರಬೇಕು. ಪತ್ರಿಕಾಗೋಷ್ಠಿಯಲ್ಲಿ ಚೌಕಟ್ಟು ಹಾಕಿ ನಿಲ್ಲಿಸುವುದಕ್ಕೆ ಮಾತ್ರ ಅದು ತಕ್ಕುದಲ್ಲ. ಸಾಕ್ಷ್ಯವಾಗಿ ಅದರ ಸ್ಥಾನ ಕಡತದಲ್ಲಿ, ವಿಚಾರಣೆಯಲ್ಲಿ. ಬೀದಿಗೆ ಬಂದ ಕೂಡಲೇ ಅದು ವಿಜಯಚಿಹ್ನೆಯಾಗುತ್ತದೆ. ವಿಜಯಚಿಹ್ನೆ ಮುಂದೆ ಯಾರ ಕೈಗೆ ಸೇರಿ ಯಾವ ಅರ್ಥ ಪಡೆದೀತೆಂದು ಹೇಳಬಲ್ಲವರಿಲ್ಲ. ಭಯದಿಂದ ಬಿಡುಗಡೆ ಬೇಕಾದ ಜನಕ್ಕೆ ತಜ್ಞರ ವರದಿ, ಸ್ವತಂತ್ರ ಸಾಕ್ಷಿಗಳ ಹೇಳಿಕೆ, ಬಂಧುಗಳ ಗುರುತಿಸುವಿಕೆ ಇವು ನಿಧಾನವಾಗಿಯಾದರೂ ಹೆಚ್ಚು ಭದ್ರವಾದ ನಂಬಿಕೆಯನ್ನು ಕೊಡುತ್ತವೆ.

ಈ ನಿಲುವಿನಲ್ಲಿ ಕಷ್ಟವಿಲ್ಲವೆಂದು ಹೇಳುವಂತಿಲ್ಲ. ಕಡತವನ್ನು ಕಾಯುವವರು ಕೊಂದವರೇ ಆಗಿರುವಲ್ಲಿ ಅದು ತೆರೆಯುವುದೆಂಬ ಭರವಸೆ ಏನು? ಪತ್ರಿಕೆಗಳೂ ನ್ಯಾಯಾಲಯಗಳೂ ಎಚ್ಚರವಾಗಿರುವ ದೇಶದಲ್ಲಿ ಮಾತ್ರ ಈ ಸಂಯಮ ಧರ್ಮವಾದೀತು. ಇತರ ಕಡೆ ಅದು ಕೊಲೆಯ ಮೇಲೆ ಎಳೆದ ತೆರೆಯಾದೀತು. ಆದ್ದರಿಂದ ಚಿತ್ರವನ್ನು ಬೀದಿಗೆ ತರಬೇಡಿರೆಂದು ಕೇಳುವವನು ಅದೇ ಉಸಿರಿನಲ್ಲಿ ಕಡತವನ್ನು ತೆರೆಯಿರೆಂದೂ ಕೇಳಲು ಬದ್ಧನಾಗಿದ್ದಾನೆ. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟರೆ ಅವನ ವಾದ ಅರ್ಧಕ್ಕೆ ನಿಂತಂತೆ.

ಅಭಿಮನ್ಯುವಿನ ಮುಂದೆ ನಿಂತ ದುರ್ಯೋಧನನಿಗೆ ಅಂದು ಪತ್ರಕರ್ತರಿರಲಿಲ್ಲ; ಇದ್ದವನು ಸಂಜಯನೊಬ್ಬನೇ. ಆ ಹೊತ್ತಿನಲ್ಲಿ ಅವನು ಏನು ನುಡಿದನೆಂಬುದನ್ನು ಓದಿ ಕನ್ನಡಿಗರು ಒಂದು ಸಾವಿರ ವರ್ಷದಿಂದ ಅವನನ್ನು ಅಳೆಯುತ್ತ ಬಂದಿದ್ದಾರೆ. ಇಂದಿನ ಸರಕಾರಗಳನ್ನು ಅಳೆಯುವುದಕ್ಕೂ ಬೇರೆ ಕೋಲು ಬೇಕಾಗಿಲ್ಲ.